ಮೂವತ್ತೈದೂವರೆ ತೂಗುವ ಪರಮಾಣು

ಉರಿಗಾಂ
12 ಸೆಪ್ಟೆಂಬರ್ 2024

ಪ್ರೀತಿಯ ಸುಮಲತ ಮಿಸ್‌ಗೆ,

ನಿಮ್ಮ ಒಂಬತ್ತನೇ ಕ್ಲಾಸಿನ ಮೀನಾ. ಎರಡನೇ ಬೆಂಚು, ಗೋಡೆ ಪಕ್ಕ. ನಾನು ಹೆಚ್ಚು ಮಾತಾಡುವವಳಲ್ಲ, ಅದಕ್ಕೇ ಗುರುತು ಹೇಳುತ್ತಿದ್ದೇನೆ.

ನಿಮ್ಮ ಅಮ್ಮನ ಮನೆಯಲ್ಲಿ ಫೋನು ಸಿಗ್ನಲ್ ಸಿಗಬೇಕಾದರೆ ಕೆರೆ ಕಟ್ಟೆಯ ಮೇಲೆ ಹೋಗಬೇಕಂತೆ. ನೀವೋ ಮಂಚ ಬಿಟ್ಟು ಇಳಿಯುವ ಹಾಗಿಲ್ಲವಂತೆ. ಹೆಡ್‌ಮಾಸ್ಟರ್ ಕಾಂತರಾಜ್ ಸರ್ ಹೇಳಿದರು. ನಮ್ಮ ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೊತೆ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿಬಿಡುತ್ತದೆ. ಹಾಗಾಗಿ ಈ ಕಾಗದ. ಸರ್ ಇನ್ನೊಂದು ಮಾತೂ ಹೇಳಿದ್ದಾರೆ: "ಮಿಸ್‌ಗೆ ಬೇಜಾರಾಗೋ ಸುದ್ದಿ ಒಂದೂ ಬರೀಬ್ಯಾಡ್ರಿ. ಸಂತೋಷದ್ದು ಮಾತ್ರ." ಸರಿ, ಸಂತೋಷದ್ದೇ ಬರೆಯುತ್ತೇನೆ.

ನೀವು ಆಸ್ಪತ್ರೆಗೆ ಹೊರಟ ದಿನ ಬೋರ್ಡಿನ ಮೇಲೆ ಕ್ಲೋರಿನ್ನಿನ ಪರಮಾಣು ರಾಶಿ 35.5 ಎಂದು ಬರೆದು, ಅದರ ಕೆಳಗೆ ಒಂದು ಗೆರೆ ಎಳೆದು ಹೋದಿರಿ. ಅದನ್ನು ಯಾರೂ ಅಳಿಸಿಲ್ಲ. ಪ್ರಾರ್ಥನೆ ಆದ ಮೇಲೆ ಒಳಗೆ ಬಂದರೆ ಮೊದಲು ಕಾಣುವುದು ಅದೇ. ಮಂಗಳವಾರದಿಂದ ಕೆಮಿಸ್ಟ್ರಿ ಪಾಠ ಮತ್ತೆ ಶುರುವಾಗಿದೆ. ಐಸೋಟೋಪಿನ ಪುಟಗಳನ್ನು ಓದಿ ಆಯಿತು. ಕ್ಲೋರಿನ್ನಿನಲ್ಲಿ ಎರಡು ಬಗೆ, ಎರಡಕ್ಕೂ ಪ್ರೋಟಾನು ಹದಿನೇಳೇ, ಒಂದಕ್ಕೆ ನ್ಯೂಟ್ರಾನು ಹದಿನೆಂಟು, ಇನ್ನೊಂದಕ್ಕೆ ಇಪ್ಪತ್ತು. ಒಂದರ ರಾಶಿ 35, ಇನ್ನೊಂದರದು 37. ಇಷ್ಟು ಎಲ್ಲರಿಗೂ ಬಾಯಿಪಾಠ.

ಆಗ ಅಂಬರೀಶ ಎದ್ದು ನಿಂತ. "ಒಂದು ಮೂವತ್ತೈದು, ಇನ್ನೊಂದು ಮೂವತ್ತೇಳು. ಮತ್ತೆ ಮೂವತ್ತೈದೂವರೆ ತೂಗೋ ಪರಮಾಣು ಎಲ್ಲೈತೆ? ಅರ್ಧ ನ್ಯೂಟ್ರಾನ್ ಎಲ್ ಓಯ್ತು?" ಅಂತ ಕೇಳಿದ. ಎಲ್ಲರೂ ನಕ್ಕರು. ಪಾಠ ಮಾಡುತ್ತಿದ್ದವರಿಗೆ ಉತ್ತರ ಬರಲಿಲ್ಲ. ಬೆಲ್ ಹೊಡೆದದ್ದೇ ಪುಣ್ಯ.

ಉತ್ತರ ಏನು ಮಿಸ್?

ನಮ್ಮ ಅಜ್ಜಿ, ಅದೇ ನಮ್ಮ ಪಾಟಿ, ನಿಮಗಾಗಿ ಮಾರಿಯಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿದ್ದಾರೆ.

ನಿಮ್ಮ ವಿದ್ಯಾರ್ಥಿನಿ,
ಮೀನಾ

*

ಕಾಮಸಮುದ್ರದ ಹತ್ತಿರ, ಅಮ್ಮನ ಮನೆ
20 ಸೆಪ್ಟೆಂಬರ್ 2024

ಪ್ರೀತಿಯ ಮೀನಾ,

ಗುರುತು ಹೇಳಬೇಕೇ? ನಿನ್ನ ಅಕ್ಷರ ನೋಡಿದ ತಕ್ಷಣ ಗೊತ್ತಾಯಿತು. ಬಾಯಿ ತೆರೆಯದ ಹುಡುಗಿ ಎರಡು ಪುಟ ಬರೆದಿದ್ದಾಳೆಂದು ದಿಂಬಿಗೆ ಒರಗಿ ಎರಡೆರಡು ಸಲ ಓದಿದೆ.

ನಾನು ಚೆನ್ನಾಗಿದ್ದೇನೆ. ಡಾಕ್ಟರು ಸ್ವಲ್ಪ ಮಲಗಿರು ಅಂದಿದ್ದಾರೆ, ಅಷ್ಟೇ. ಅಮ್ಮ ಗಂಗರತ್ನಮ್ಮ ಅದನ್ನು "ಕದಲಲೇಬ್ಯಾಡ" ಎಂದು ತಿದ್ದಿಕೊಂಡಿದ್ದಾರೆ. ಕಿಟಕಿಯಿಂದ ಹಸುವಿನ ಕೊಟ್ಟಿಗೆ ಕಾಣುತ್ತದೆ. ಹಸು ನನ್ನನ್ನು ನೋಡುತ್ತದೆ, ನಾನು ಹಸುವನ್ನು ನೋಡುತ್ತೇನೆ. ಹೀಗೆ ದಿನ ಹೋಗುತ್ತಿದೆ.

ನನ್ನ ಜಾಗಕ್ಕೆ ಇಷ್ಟು ಬೇಗ ಒಬ್ಬರನ್ನು ಹಾಕಿದ್ದಾರಲ್ಲ, ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆದರೆ ನೀನು ಅವರ ಹೆಸರನ್ನೇ ಬರೆದಿಲ್ಲ. ಗಂಡಸರೋ ಹೆಂಗಸರೋ? ಯಾವ ಊರಿನವರು? ಉತ್ತರ ಬರಲಿಲ್ಲ ಅಂತ ಅವರನ್ನು ಹಗುರವಾಗಿ ಕಾಣಬೇಡಿ. ಮೊದಲ ವಾರ ಎಲ್ಲರೂ ತಡವರಿಸುತ್ತಾರೆ.

ಅಂಬರೀಶನ ಪ್ರಶ್ನೆ ಬಂಗಾರದಂಥದ್ದು. ಮೂವತ್ತೈದೂವರೆ ತೂಗುವ ಕ್ಲೋರಿನ್ ಪರಮಾಣು ಈ ಭೂಮಿಯ ಮೇಲೆ ಒಂದೂ ಇಲ್ಲ. ಅದು ಗುಂಪಿನ ಲೆಕ್ಕ, ಒಂಟಿ ಪರಮಾಣುವಿನದಲ್ಲ. ಹೀಗಂತ ಹೇಳಿಬಿಟ್ಟರೆ ಅವನು ತಲೆಯಾಡಿಸುತ್ತಾನೆ, ನಾಳೆಗೆ ಮರೆಯುತ್ತಾನೆ. ಅವನ ಕೈಯಿಂದಲೇ ಎಣಿಸಬೇಕು. ಹೊರಗಿನಿಂದ ನೋಡಿದರೆ ಒಂದೇ ಥರ ಇದ್ದು, ಒಳಗೆ ತೂಕ ಬೇರೆ ಇರುವಂಥ ಏನನ್ನಾದರೂ ಕ್ಲಾಸಿಗೆ ತರಲಿ ಎಂದು ನಿಮ್ಮ ಹೊಸ ಟೀಚರಿಗೆ ಹೇಳು. ಏನು ಅಂತ ನಾನು ಹೇಳುವುದಿಲ್ಲ. ಹುಡುಕುವುದರಲ್ಲೇ ಅರ್ಧ ಪಾಠ ಇದೆ.

ಪಾಟಿಗೆ ನನ್ನ ನಮಸ್ಕಾರ.

ನಿನ್ನ ಮಿಸ್,
ಸುಮಲತ

*

ಉರಿಗಾಂ
30 ಸೆಪ್ಟೆಂಬರ್ 2024

ಮಿಸ್,

ನಿಮ್ಮ ಕಾಗದವನ್ನು ಪೋಸ್ಟ್‌ಮ್ಯಾನ್ ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಕೊಟ್ಟರು. ನನ್ನ ಹೆಸರಿಗೆ ಇದುವರೆಗೆ ಯಾವತ್ತೂ ಕಾಗದ ಬಂದಿರಲಿಲ್ಲ.

ಹೊಸಬರ ಬಗ್ಗೆ ಕೇಳಿದ್ದೀರಿ. ಅವರು ಹೆಂಗಸೇ. ಈ ಊರಿನವರೇ. ಕುಳ್ಳಗಿದ್ದಾರೆ, ಬೋರ್ಡಿನ ಮೇಲ್ಗಡೆ ಕೈ ಎಟುಕುವುದಿಲ್ಲ. ದನಿ ಬಹಳ ಸಣ್ಣದು. ಹೆಸರನ್ನು ಇನ್ನೊಂದು ಸಲ ಬರೆಯುತ್ತೇನೆ.

ನೀವು ಹೇಳಿದ್ದನ್ನು ಅವರಿಗೆ ಹೇಳಿದೆ. ಅವರು ರಾತ್ರಿಯೆಲ್ಲ ಯೋಚಿಸಿ ಕೋಳಿಮೊಟ್ಟೆ ತಂದರು. ಕೆಲವು ಬೇಯಿಸಿದ್ದು, ಕೆಲವು ಹಸಿ. ಹೊರಗೆ ಒಂದೇ ಥರ, ಒಳಗೆ ಬೇರೆ ಅಂತ. ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ ಬೆಂದದ್ದಕ್ಕೂ ಹಸಿಯದಕ್ಕೂ ತೂಕದಲ್ಲಿ ವ್ಯತ್ಯಾಸವೇ ಇಲ್ಲ! ಬೇಯಿಸಿದರೆ ತೂಕ ಯಾಕೆ ಹೆಚ್ಚುತ್ತದೆ ಅಂದುಕೊಂಡರೋ ಅವರಿಗೇ ಗೊತ್ತಿಲ್ಲ. ಅಷ್ಟರಲ್ಲಿ ಒಂದು ಹಸಿಮೊಟ್ಟೆ ಉರುಳಿ ನವ್ಯಳ ಬ್ಯಾಗಿನೊಳಗೆ ಬಿದ್ದು ಒಡೆಯಿತು.

ಆಮೇಲೆ ಗಾಬರಿಯಲ್ಲಿ ಅವರು ಅರ್ಧ ಅನ್ನಲು ಹೋಗಿ "ಪಾದಿ" ಅಂದುಬಿಟ್ಟರು. ಅವರ ಮನೆಮಾತು ತಮಿಳು. ಇಡೀ ಕ್ಲಾಸು ನಕ್ಕಿತು. ಹಿಂದಿನ ಬೆಂಚಿನವರು ಬೆಲ್ ಹೊಡೆಯುವವರೆಗೂ "ಪಾದಿ ಪಾದಿ" ಅನ್ನುತ್ತಲೇ ಇದ್ದರು. ಅವರು ಇನ್ನು ಬೋರ್ಡಿನ ಹತ್ತಿರ ಹೋಗುವುದೇ ಬೇಡ ಎಂದು ತೀರ್ಮಾನ ಮಾಡಿಕೊಂಡಿರಬಹುದು.

ಅಯ್ಯೋ, ಸಂತೋಷದ್ದು ಬರೆಯಬೇಕಿತ್ತು. ದಸರಾ ರಜೆ ಶುರುವಾಗುತ್ತದೆ. ಇದು ಸಂತೋಷದ್ದು.

ಮೀನಾ

*

ಅಮ್ಮನ ಮನೆ
14 ಅಕ್ಟೋಬರ್ 2024

ಮೀನಾ,

ಈ ಸಲ ನಿನ್ನ ಮೇಲೆ ಸ್ವಲ್ಪ ಸಿಟ್ಟಾಗಿದ್ದೇನೆ. ನಿನಗೆ ಆ ಟೀಚರನ್ನು ಕಂಡರೆ ಅಷ್ಟಕ್ಕಷ್ಟೇ ಅಂತ ಕಾಣುತ್ತದೆ. ಕುಳ್ಳಗಿದ್ದಾರೆ, ದನಿ ಸಣ್ಣದು, ಮೊಟ್ಟೆ ಒಡೆಯಿತು. ಪಾಠ ಹೇಳುವವರ ಬಗ್ಗೆ ಹೀಗೆಲ್ಲ ಬರೆಯುವುದೇ? ಮೊಟ್ಟೆಯ ವಿಷಯ ಓದಿ ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ತನ್ನ ಕೈಯಾರೆ ಏನನ್ನೋ ತಂದು, ಎಲ್ಲರೆದುರು ಸೋತರಲ್ಲ, ಅದಕ್ಕೆ ಎಷ್ಟು ಧೈರ್ಯ ಬೇಕು ಗೊತ್ತಾ? ಅವರು ಸಪ್ಪಗೆ ಕೂತಿದ್ದಾಗ ನೀನಾದರೂ ಹೋಗಿ ಒಂದು ಒಳ್ಳೆಯ ಮಾತು ಆಡಿದೆಯಾ?

ಅವರಿಗೆ ನನ್ನ ಪರವಾಗಿ ಎರಡು ವಿಷಯ ಹೇಳು. ಒಂದು, ದನಿ ಏರಿಸುವುದಕ್ಕೆ ಕೂಗಬೇಕಾಗಿಲ್ಲ. ಕೊನೆಯ ಸಾಲಿನ ಒಬ್ಬರ ಮುಖ ನೋಡಿಕೊಂಡು ಅವರಿಗೇ ಹೇಳುತ್ತಿದ್ದೇನೆ ಅಂದುಕೊಂಡರೆ ದನಿ ತಾನಾಗಿ ಅಲ್ಲಿಗೆ ಹೋಗುತ್ತದೆ. ಎರಡು, "ಪಾದಿ" ಅನ್ನಲು ನಾಚಿಕೊಳ್ಳಬೇಡಿ ಅನ್ನು. ನಿಮ್ಮ ಕ್ಲಾಸಿನಲ್ಲಿ ಮನೆಗೆ ಹೋಗಿ ತಮಿಳು ಆಡುವವರು ಎಷ್ಟು, ತೆಲುಗು ಆಡುವವರು ಎಷ್ಟು! ಅರ್ಧ, ಪಾದಿ, ಸಗಂ. ಮೂರನ್ನೂ ಬೋರ್ಡಿನ ಮೇಲೆ ಒಟ್ಟಿಗೆ ಬರೆಯಲಿ. ಆಗ ನಗುವವರು ಯಾರ ಮಾತಿಗೆ ನಗುತ್ತಾರೆ ನೋಡೋಣ.

ಇಲ್ಲಿ ಬಯಲಿನಲ್ಲಿ ಕಟಾವಿನ ಕೆಲಸ ನಡೆಯುತ್ತಿದೆ. ಬೆಳಿಗ್ಗೆಯಿಂದ ಹೆಂಗಸರ ಹರಟೆ ಕಿಟಕಿಯವರೆಗೆ ಬರುತ್ತದೆ, ನನಗೆ ಅದೇ ರೇಡಿಯೊ. ನನ್ನ ಆರೋಗ್ಯ ಪರವಾಗಿಲ್ಲ. ಜಾಸ್ತಿ ಬರೆಯಲು ಅಮ್ಮ ಬಿಡುತ್ತಿಲ್ಲ.

ಸುಮಲತ ಮಿಸ್

*

ಉರಿಗಾಂ
11 ನವೆಂಬರ್ 2024

ಮಿಸ್, ಮಿಸ್, ಮಿಸ್!

ಸಿಕ್ಕಿತು! ಹೊರಗೆ ಒಂದೇ, ಒಳಗೆ ಬೇರೆ. ಕಡಲೆಕಾಯಿ!

ನಮ್ಮ ಪಾಟಿ ಕದಿರಮ್ಮ ಉರಿಗಾಂ ಸ್ಟೇಷನ್ನಿನ ಬಳಿ ಸಾಯಂಕಾಲದ ರೈಲು ಬರುವ ಹೊತ್ತಿಗೆ ಬೇಯಿಸಿದ ಕಡಲೆಕಾಯಿ ಮಾರುತ್ತಾರೆ. ಭಾನುವಾರ ನಾನು ಬುಟ್ಟಿಯ ಪಕ್ಕ ಕೂತು ಸುಲಿದು ತಿನ್ನುತ್ತಿದ್ದೆ. ಎರಡು ಬೀಜ, ಎರಡು ಬೀಜ, ಎರಡು ಬೀಜ, ಮೂರು ಬೀಜ. ತಕ್ಷಣ ಎದ್ದು ನಿಂತೆ. "ಏಯ್, ಏನಮ್ಮಾ ಕಣ್ಣು, ಚೇಳು ಕಚ್ಚಿತಾ?" ಅಂತ ಪಾಟಿ ಗಾಬರಿಯಾದರು.

ಓಡಿ ಹೋಗಿ ಪಾಠ ಮಾಡುವವರಿಗೆ ಹೇಳಿದೆ. ಬಹಳ ದೂರ ಓಡಬೇಕಾಗಲಿಲ್ಲ.

ಅವರು ಮಾರನೆಯ ದಿನ ನಲವತ್ತು ಕಾಯಿ ಆರಿಸಿ ತಂದು ಮೇಜಿನ ಮೇಲೆ ಸುರಿದರು. ಮೊದಲು ಬೋರ್ಡಿನ ಮೇಲೆ ಅರ್ಧ, ಪಾದಿ, ಸಗಂ ಎಂದು ಬರೆದರು. ಯಾರೂ ನಗಲಿಲ್ಲ. ನವ್ಯ "ನಮ್ಮನೇಲಿ ಸಗಮೇ" ಅಂದಳು, ಅಷ್ಟೇ. ಆಮೇಲೆ ಕೇಳಿದರು: "ಇವೆಲ್ಲ ಏನು?" ಎಲ್ಲರೂ "ಕಡ್ಲೇಕಾಯಿ" ಅಂದರು. "ಇದನ್ನ ಒಡೆದು ನೋಡಿದ್ರೆ ಮೂರು ಬೀಜ ಇದೆ, ಇದು ಬಟಾಣಿ ಆಯ್ತಾ?" "ಇಲ್ಲಾ, ಕಡ್ಲೇಕಾಯೇ!" "ಹಾಗಾದ್ರೆ ಒಳಗೆ ನ್ಯೂಟ್ರಾನ್ ಜಾಸ್ತಿ ಇದ್ರೂ ಅದು ಕ್ಲೋರಿನ್ನೇ."

ಒಂದು ಕಾಯಿಯಲ್ಲಿ ಸರಾಸರಿ ಎಷ್ಟು ಬೀಜ ಅಂತ ಕೇಳಿದಾಗ ಅಂಬರೀಶ ಕೂತಲ್ಲಿಂದಲೇ "ಎರಡೂವರೆ, ಸುಲಭ" ಅಂದ. ಎರಡು ಮತ್ತು ಮೂರರ ನಡುವೆ ಅಲ್ಲವೇ ಅಂತ. ಅವರು ಬೈಯಲಿಲ್ಲ. ಕೊನೆಯ ಸಾಲಿನಲ್ಲಿದ್ದ ಅವನ ಮುಖ ನೋಡಿ, "ಬಾ, ಒಡೆದು ಎಣಿಸು" ಅಂದರು. ಎರಡು ಬೀಜದವು ಮೂವತ್ತು, ಮೂರು ಬೀಜದವು ಹತ್ತು. ಒಟ್ಟು ತೊಂಬತ್ತು ಬೀಜ. ನಲವತ್ತು ಕಾಯಿಗೆ ಹಂಚಿದರೆ ಎರಡೂಕಾಲು! ಎರಡು ಬೀಜದವೇ ಹೆಚ್ಚಿದ್ದರಿಂದ ಸರಾಸರಿ ಆ ಕಡೆಗೇ ವಾಲಿತು.

"ಈಗ ಎರಡೂಕಾಲು ಬೀಜ ಇರೋ ಕಾಯಿ ಎತ್ತಿ ತೋರಿಸು," ಅಂದರು. ಅಂಬರೀಶ ಸಿಪ್ಪೆಯ ರಾಶಿಯಲ್ಲಿ ಕೈಯಾಡಿಸಿದ. ನಿಂತ. ಅವನ ಬಾಯಿ ಹಾಗೇ ತೆರೆದುಕೊಂಡಿತು. "ಲೇ, ಇಲ್ವೇ ಇಲ್ಲ ಕಣ್ಲಾ! ಮೂವತ್ತೈದೂವರೆನೂ ಅಂಗೇನೇ!" ಅಂತ ಕೂಗಿದ. ತಾನೇ ಬೋರ್ಡಿಗೆ ಹೋಗಿ, ಪುಸ್ತಕದಲ್ಲಿ ಮೂರಕ್ಕೆ ಒಂದು ಅಂತ ಇರುವ ಹಾಗೆ, ಮೂವತ್ತೈದು ಮೂರು ಸಲ, ಮೂವತ್ತೇಳು ಒಂದು ಸಲ ಬರೆದು ಕೂಡಿದ. ನೂರನಲವತ್ತೆರಡು. ನಾಲ್ಕರಿಂದ ಭಾಗಿಸಿದರೆ ನೀವು ಬರೆದಿಟ್ಟು ಹೋದ ಸಂಖ್ಯೆ! ಎಲ್ಲರೂ ಮೇಜು ಬಡಿದರು. ಪಕ್ಕದ ಕ್ಲಾಸಿನ ಸರ್ ಏನಾಯಿತು ಎಂದು ಓಡಿ ಬಂದರು.

ಇನ್ನೊಂದು ಸಲ ಎಣಿಸೋಣ ಅಂತ ಹೊಸದಾಗಿ ಕಾಯಿ ಹಂಚಿದಾಗ, ಅಂಬರೀಶ ಮೂರು ಬೀಜದವನ್ನೇ ಆರಿಸಿ ತಿನ್ನುತ್ತಿದ್ದ. ಸರಾಸರಿ ಕೆಳಗೆ ಇಳಿಯಿತು. ಅವರು ಅದನ್ನೂ ಪಾಠ ಮಾಡಿಬಿಟ್ಟರು: ಯಾವ ಬಗೆ ಎಷ್ಟು ಇದೆ ಅನ್ನುವುದು ಬದಲಾದರೆ ಸರಾಸರಿಯೂ ಬದಲಾಗುತ್ತದೆ ಅಂತ.

ಕೊನೆಗೆ ಒಂದು ಪ್ರಶ್ನೆ ಉಳಿಯಿತು. ನಮ್ಮೂರಿನ ಗಣಿಯಲ್ಲಿ ಸಿಗುತ್ತಿದ್ದ ಚಿನ್ನಕ್ಕೆ ಎಷ್ಟು ಬಗೆ ಐಸೋಟೋಪು?

ಖುಷಿಯಿಂದ,
ಮೀನಾ

*

ಅಮ್ಮನ ಮನೆ
18 ನವೆಂಬರ್ 2024

ಪ್ರೀತಿಯ ಮೀನಾ,

ಪತ್ರ ತಲುಪಿತು. ಕಡಲೆಕಾಯಿಯ ಪಾಠ ಬಹಳ ಚೆನ್ನಾಗಿದೆ. ಇಷ್ಟು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ. ನಾನು ಪ್ರತಿವರ್ಷ ಸೂತ್ರ ಬರೆದು, ಶೇಕಡಾ ಎಪ್ಪತ್ತೈದು, ಶೇಕಡಾ ಇಪ್ಪತ್ತೈದು ಎಂದು ಗುಣಿಸಿ, ಉತ್ತರದ ಕೆಳಗೆ ಗೆರೆ ಎಳೆದುಬಿಡುತ್ತಿದ್ದೆ. ಯಾರೂ ಮೇಜು ಬಡಿದಿರಲಿಲ್ಲ.

ಚಿನ್ನಕ್ಕೆ ನಿಸರ್ಗದಲ್ಲಿ ಸಿಗುವುದು ಒಂದೇ ಬಗೆ. ಎಲ್ಲಿ ಅಗೆದರೂ ಅದೇ. ಅದಕ್ಕೇ ಅದರ ರಾಶಿ ಹೆಚ್ಚುಕಡಿಮೆ 197, ಅರ್ಧ ಕಾಲು ಎನ್ನುವ ತಂಟೆ ಇಲ್ಲ. ಇದನ್ನು ಅಂಬರೀಶನಿಗೆ ಹೇಳು.

ಇನ್ನೊಂದು ವಿಷಯ. ನಮ್ಮ ಮನೆಯವರು ಸುಧಾಕರ್ ಮತ್ತು ಅಮ್ಮ ಇಬ್ಬರೂ ಒಂದೇ ಸಮನೆ ಹೇಳುತ್ತಿದ್ದಾರೆ, ಈ ಕಡೆಯ ಶಾಲೆಗೇ ವರ್ಗ ಮಾಡಿಸಿಕೊ ಎಂದು. ನಾನು ಇದುವರೆಗೆ ಆಗುವುದಿಲ್ಲ ಅನ್ನುತ್ತಿದ್ದೆ. ನನ್ನ ಮಕ್ಕಳು ಅಲ್ಲಿ ಕಾಯುತ್ತಿದ್ದಾರೆ ಅನ್ನುತ್ತಿದ್ದೆ. ಈಗ ನಿಮಗೆ ನನಗಿಂತ ಚೆನ್ನಾಗಿ ಪಾಠ ಹೇಳುವವರು ಸಿಕ್ಕಿದ್ದಾರೆ. ನಿಜವಾಗಿ ಸಂತೋಷ. ಅರ್ಜಿ ಬರೆದು ಇಟ್ಟಿದ್ದೇನೆ. ತಿಂಗಳ ಕೊನೆಗೆ ಇವರು ಬಂದಾಗ ಕೊಟ್ಟು ಕಳಿಸುತ್ತೇನೆ.

ಅವರಿಗೆ ನನ್ನ ಅಭಿನಂದನೆ ತಿಳಿಸು. ಹೆಸರು ಇನ್ನೂ ಬರೆದಿಲ್ಲ ನೀನು.

ಸುಮಲತ

*

ಉರಿಗಾಂ
22 ನವೆಂಬರ್ 2024

ಮಿಸ್,

ದಯವಿಟ್ಟು ಅರ್ಜಿ ಕೊಡಬೇಡಿ. ಇದನ್ನು ಓದುವವರೆಗೂ ಕೊಡಬೇಡಿ. ಓದಿದ ಮೇಲೂ ಕೊಡಬೇಡಿ.

ಹೊಸ ಟೀಚರು ಯಾರೂ ಬಂದಿಲ್ಲ. ಅವರ ಹೆಸರು ಮೀನಾ. ಅಪ್ಪನ ಹೆಸರು ಕುಪ್ಪುಸ್ವಾಮಿ. ಎರಡನೇ ಬೆಂಚು, ಗೋಡೆ ಪಕ್ಕ.

ನೀವು ಹೋದ ಮೇಲೆ ಕೆಮಿಸ್ಟ್ರಿ ಪೀರಿಯಡ್ಡಿನಲ್ಲಿ ಬರೀ ಗಲಾಟೆ. ಅತಿಥಿ ಶಿಕ್ಷಕರು ಬರುತ್ತಾರೆ ಅಂದರು, ಬರಲಿಲ್ಲ. ಒಂದು ದಿನ ಕಾಂತರಾಜ್ ಸರ್ ನನ್ನನ್ನು ಕರೆದು, "ನೀನು ಸ್ಪಷ್ಟವಾಗಿ ಓದ್ತೀಯ, ಪುಸ್ತಕ ಇಟ್ಕೊಂಡು ಜೋರಾಗಿ ಓದು, ನಾನು ಆಫೀಸ್‌ನಲ್ಲಿ ಇರ್ತೀನಿ" ಅಂದರು. ನಾನು ಓದಿದೆ. ಆಗಲೇ ಅಂಬರೀಶ ಆ ಪ್ರಶ್ನೆ ಕೇಳಿದ್ದು. ಎಲ್ಲರೂ ನನ್ನ ಮುಖ ನೋಡಿದರು ಮಿಸ್. ಅವತ್ತಿನವರೆಗೆ ಕ್ಲಾಸಿನಲ್ಲಿ ನನ್ನ ಮುಖವನ್ನು ಯಾರೂ ನೋಡಿರಲಿಲ್ಲ. ಹೆದರಿಕೆ ಆಯಿತು. ಒಂಥರಾ ಇಷ್ಟವೂ ಆಯಿತು.

ನಿಮಗೆ ಕಾಗದ ಬರೆದಾಗ ಯಾರು ಪಾಠ ಮಾಡುತ್ತಿದ್ದಾರೆಂದು ಬರೆಯಲಿಲ್ಲ. ಟೀಚರೇ ಇಲ್ಲ ಅಂದರೆ ನಿಮಗೆ ಚಿಂತೆ ಹತ್ತುತ್ತದೆ ಅಂತ. ನೀವು ಹೊಸಬರು ಬಂದಿದ್ದಾರೆ ಅಂದುಕೊಂಡಿರಿ. ಎದೆಯ ಮೇಲಿನ ಕಲ್ಲು ಇಳಿಯಿತು ಅಂತ ಬೇರೆ ಬರೆದಿರಿ. ಆ ಕಲ್ಲನ್ನು ಮತ್ತೆ ಎತ್ತಿ ಇಡಲು ನನಗೆ ಮನಸ್ಸು ಬರಲಿಲ್ಲ.

ಮೊಟ್ಟೆ ಒಡೆದದ್ದು ನನ್ನ ಕೈಯಲ್ಲಿ. "ಪಾದಿ" ಅಂದದ್ದು ನಾನು. ಅವತ್ತು ಇನ್ನು ಬೋರ್ಡಿನ ಹತ್ತಿರ ಹೋಗುವುದಿಲ್ಲ ಅಂದುಕೊಂಡೆ. ನೀವು ಆ ಟೀಚರ ಪರವಾಗಿ ನನ್ನನ್ನೇ ಬೈದು ಬರೆದಿರಲ್ಲ, ಅದನ್ನು ಓದಿ ಮತ್ತೆ ಹೋದೆ. ನನಗೆ ಯಾರೂ ಅಷ್ಟು ಚೆನ್ನಾಗಿ ಬೈದಿಲ್ಲ.

ನಿಮ್ಮ ಕೊನೆಯ ಕಾಗದ ಬಂದಾಗ ಊಟ ಸೇರಲಿಲ್ಲ. ಅಪ್ಪ ರೈಲು ಇಳಿದು ಬಂದವರು ಏನೆಂದು ಕೇಳಿದರು. ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ನೀ ಪಾಠ ಮಾಡ್ತೀಯಾ? ನೀನಾ? ಆ ಅಂಬರೀಶನಿಗಾ?" ಅಂತ ಮೂರು ಸಲ ಕೇಳಿ, ಬೂಟು ಬಿಚ್ಚುವುದನ್ನೂ ಮರೆತು ನಕ್ಕರು. ಆಮೇಲೆ, "ಇವತ್ತೇ ಬರೆದು ಹಾಕಮ್ಮಾ. ಆ ಟೀಚರಮ್ಮ ನಿನ್ನಿಂದ ಊರು ಬಿಡಬಾರದು," ಅಂದರು.

ನಾನು ಒಂದು ಪಾಠ ಮಾಡಿದ್ದೇನೆ ಮಿಸ್. ಅದೂ ನೀವು ಹೇಳಿಕೊಟ್ಟು. ಪುಸ್ತಕದಲ್ಲಿ ಇನ್ನೂ ಎಷ್ಟು ಪಾಠ ಇದೆ!

ಮೀನಾ

*

ಉರಿಗಾಂ
9 ಡಿಸೆಂಬರ್ 2024

ಮಿಸ್‌ಗೆ,

ನನ್ನ ಕಾಗದ ತಲುಪಿತೇ? ನಿಮ್ಮಿಂದ ಏನೂ ಬಂದಿಲ್ಲ. ಪೋಸ್ಟ್‌ಮ್ಯಾನ್ ಈಗ ನಮ್ಮ ಬೀದಿ ತಿರುವಿನಲ್ಲೇ ಕೈ ಆಡಿಸಿ ಇಲ್ಲ ಅಂತ ಹೇಳಿ ಹೋಗುತ್ತಾರೆ. ಕೋಪ ಬಂದಿದ್ದರೆ ಬೈದಾದರೂ ಬರೆಯಿರಿ. ನಾನು ಬರೀ ಓದುತ್ತಿಲ್ಲ, ಪಾಠವನ್ನೇ ಮಾಡುತ್ತಿದ್ದೇನೆ ಅಂತ ಕಾಂತರಾಜ್ ಸರ್‌ಗೂ ಗೊತ್ತಾಗಿದೆ. ಈಚೆಗೆ ಅವರೂ ಕೊನೆಯ ಬೆಂಚಿನಲ್ಲಿ ಬಂದು ಕೂತು ಕೇಳುತ್ತಾರೆ.

ನೀವು ಚೆನ್ನಾಗಿದ್ದೀರಿ ಅಂತ ಒಂದು ಸಾಲು ಸಾಕು.

ಮೀನಾ

*

ಕೋಲಾರ, ಆಸ್ಪತ್ರೆ
20 ಡಿಸೆಂಬರ್ 2024

ಮೀನಾ ಮಿಸ್ ಅವರಿಗೆ,

ಸಹೋದ್ಯೋಗಿಗೆ ಹೀಗೇ ಬರೆಯಬೇಕು, ಅಲ್ಲವೇ?

ಕೋಪ ಎಲ್ಲಿಂದ ಬಂತು! ನಿನ್ನ ಪತ್ರ ಓದುತ್ತಾ "ಅವರ ಹೆಸರು ಮೀನಾ" ಎನ್ನುವ ಕಡೆಗೆ ಬಂದಾಗ ನಾನು ಎಷ್ಟು ನಕ್ಕೆನೆಂದರೆ ಅಮ್ಮ ಒಲೆ ಬಿಟ್ಟು ಓಡಿ ಬಂದರು. "ಅಂಗ್ ನಗಬ್ಯಾಡ ಕಣಮ್ಮೀ, ಒಟ್ಟೆ ಅಲ್ಲಾಡ್ತೈತೆ! ಡಾಕ್ಟ್ರು ಏನೇಳವ್ರೆ?" ಅಂತ ಗದರಿದರು. ನಾನು ಹಿಂದಿನ ಪತ್ರಗಳನ್ನೆಲ್ಲ ತೆಗೆದು ಅಮ್ಮನಿಗೆ ಮೊದಲಿನಿಂದ ಓದಿ ಹೇಳಿದೆ. ಮೊಟ್ಟೆಯ ಕಡೆಗೆ ಬರುವಷ್ಟರಲ್ಲಿ ಅವರೂ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ವರ್ಗಾವಣೆಯ ಅರ್ಜಿ ಅವತ್ತೇ ಒಲೆಗೆ ಹೋಯಿತು. ಹಾಕಿದವರು ಅಮ್ಮನೇ.

ಉತ್ತರ ಬರೆಯಲು ಕೂರಬೇಕು ಅನ್ನುವಷ್ಟರಲ್ಲಿ ಇಲ್ಲಿಗೆ ಕರೆತಂದರು. ಈಗ ಹೇಳಬಹುದು. ನಾನೂ ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಸ್ವಲ್ಪ ಮಲಗಿರು ಅಂದದ್ದಲ್ಲ ಡಾಕ್ಟರು, ಏಳಲೇಬಾರದು ಅಂದಿದ್ದರು. ಹಿಂದೆ ಒಂದು ಸಲ ನನ್ನ ಮಗು ಉಳಿದಿರಲಿಲ್ಲ. ಈ ಸಲ ಹೊಟ್ಟೆಯಲ್ಲಿ ಇಬ್ಬರಿದ್ದರು. ದಿನವೂ ಹೆದರಿಕೆ. ಅಂಥ ಹೊತ್ತಿನಲ್ಲಿ ನಿನ್ನ ಕಾಗದ ಬಂದರೆ ಒಂದಿಡೀ ದಿನ ಕ್ಲೋರಿನ್ನಿನ ಯೋಚನೆಯಲ್ಲಿ ಕಳೆದುಹೋಗುತ್ತಿತ್ತು.

ಡಿಸೆಂಬರ್ ಎರಡನೇ ತಾರೀಖು ಇಬ್ಬರೂ ಬಂದರು. ಒಂದು ಹೆಣ್ಣು, ಒಂದು ಗಂಡು. ಅವಳು ಎರಡು ಕೆಜಿ ಇನ್ನೂರು ಗ್ರಾಂ, ಅವನು ಒಂದು ಕೆಜಿ ಎಂಟುನೂರು. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಈಗ ಇಬ್ಬರೂ ನನ್ನ ಪಕ್ಕದಲ್ಲಿದ್ದಾರೆ, ಇಬ್ಬರೂ ಜೋರು. ಸರಾಸರಿ ಎಷ್ಟು ಎಂದು ಅಂಬರೀಶ ಕೇಳುತ್ತಾನೆ, ಗೊತ್ತು. ಸರಾಸರಿ ಎರಡು ಕೆಜಿ. ಆದರೆ ಎರಡು ಕೆಜಿಯ ಮಗು ನಮ್ಮಲ್ಲಿ ಇಲ್ಲ ಅಂತ ಹೇಳು.

ಇನ್ನೂ ಒಂದು ನಿಜ. ಕಡಲೆಕಾಯಿಯ ಪತ್ರ ಓದಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು. ನನಗೆ ಹೊಳೆಯದ್ದು ಇವರಿಗೆ ಹೇಗೆ ಹೊಳೆಯಿತು ಅಂತ. ಅದು ನೀನು ಎಂದು ತಿಳಿದ ಮೇಲೆ ಆ ಕಿಚ್ಚು ಹೋದ ಜಾಗದಲ್ಲಿ ಬಂದದ್ದಕ್ಕೆ ಏನು ಹೆಸರೋ ತಿಳಿಯದು. ಇಲ್ಲಿನ ನರ್ಸಮ್ಮನಿಗೆ, ಪಕ್ಕದ ಮಂಚದವರಿಗೆ, ನೆಲ ಒರೆಸಲು ಬರುವ ಮುನಿಶಾಮಮ್ಮನಿಗೆ, ಎಲ್ಲರಿಗೂ ನಿನ್ನ ಕಥೆ ಹೇಳಿ ಆಗಿದೆ.

ಜೂನ್‌ಗೆ ಬರುತ್ತೇನೆ. ಅಲ್ಲಿಯವರೆಗೆ ಕ್ಲಾಸು ನೋಡಿಕೊ.

ಸುಮಲತ

*

ಉರಿಗಾಂ
6 ಮಾರ್ಚ್ 2025

ಪ್ರೀತಿಯ ಮಿಸ್,

ಪುಟ್ಟಿ ಮತ್ತು ಪುಟ್ಟ ಹೇಗಿದ್ದಾರೆ? ಪಾಟಿ ಇಬ್ಬರಿಗೂ ಕರಿದಾರ ಮಾಡಿಸಿ ಇಟ್ಟಿದ್ದಾರೆ, ನೀವು ಬಂದಾಗ ಕೊಡುತ್ತಾರೆ.

ಇಲ್ಲಿ ಪರೀಕ್ಷೆ ಹತ್ತಿರ ಬಂತು. ಲೆಕ್ಕಗಳನ್ನು ಕಾಂತರಾಜ್ ಸರ್ ಮಾಡಿಸುತ್ತಾರೆ, ಪಾಠಗಳ ಪುನರಾವರ್ತನೆ ನನಗೆ ಬಿಟ್ಟಿದ್ದಾರೆ. ಇವತ್ತು ಏನಾಯಿತು ಅಂತ ಕೇಳಿ ಮಿಸ್. ಐಸೋಟೋಪನ್ನು ಮತ್ತೊಮ್ಮೆ ಮಾಡಿದೆ. ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಬೆನ್ನ ಹಿಂದೆ ಒಮ್ಮೆಲೇ ಎಲ್ಲ ನಿಶ್ಶಬ್ದ! ಒಂದು ಪಿಸುಮಾತಿಲ್ಲ, ಒಂದು ಬೆಂಚು ಕಿರ್ ಅನ್ನಲಿಲ್ಲ. ತಿರುಗಿದರೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ. ನವ್ಯ ನಗುತ್ತಿದ್ದಳು, ಆದರೆ ಬಾಯಿ ಮುಚ್ಚಿಕೊಂಡು. ನನ್ನ ಪಾಠವನ್ನು ಅವರು ಇಷ್ಟು ಗಮನವಿಟ್ಟು ಕೇಳಿದ್ದು ಇದೇ ಮೊದಲು. ನನಗೆ ರೆಕ್ಕೆ ಬಂದ ಹಾಗಾಗಿ ಇನ್ನೂ ಚೆನ್ನಾಗಿ ಹೇಳಿದೆ.

ಕೊನೆಯಲ್ಲಿ ಅಂಬರೀಶ ಒಂದು ಪ್ರಶ್ನೆ ಕೇಳಿದ. ಎರಡು ಬಗೆ ಕ್ಲೋರಿನ್ನೂ ಬಣ್ಣ, ವಾಸನೆ, ಗುಣ ಎಲ್ಲದರಲ್ಲೂ ಒಂದೇ ಥರ ಇದ್ದರೆ, ಎರಡು ಬಗೆ ಇದೆ ಅಂತ ಮೊದಲು ಗೊತ್ತಾದದ್ದಾದರೂ ಹೇಗೆ? ನನಗೆ ಉತ್ತರ ಗೊತ್ತಿರಲಿಲ್ಲ. ನೀವು ಬರೆಯುತ್ತೀರಾ?

ಮೀನಾ

*

ರಾಬರ್ಟ್‌ಸನ್‌ಪೇಟೆ
13 ಮಾರ್ಚ್ 2025

ಪ್ರೀತಿಯ ಮೀನಾ,

ನಿನ್ನ ಕಾಗದ ಕಾಮಸಮುದ್ರದ ಕಡೆಗೆ ಹೋಗಿ, ಅಲ್ಲಿಂದ ನನ್ನ ತಮ್ಮ ವೆಂಕಿ ಬೈಕಿನಲ್ಲಿ ಇಲ್ಲಿಗೆ ತಂದುಕೊಟ್ಟ. ಹೌದು, ನಾನು ಇಲ್ಲಿದ್ದೇನೆ. ಮಕ್ಕಳಿಗೆ ಮೂರು ತಿಂಗಳು ತುಂಬಿತು, ಅತ್ತೆ ಮನೆಗೆ ಕರೆತಂದರು.

ಮೊದಲು ಉತ್ತರ. ಎರಡು ಬಗೆಯ ಕ್ಲೋರಿನ್ನೂ ಗುಣದಲ್ಲಿ ಒಂದೇ, ಆದರೆ ತೂಕ ಬೇರೆ. ವಿದ್ಯುತ್ ಆವೇಶ ಕೊಟ್ಟು, ಬಲವಾದ ಅಯಸ್ಕಾಂತದ ನಡುವೆ ವೇಗವಾಗಿ ಹಾಯಿಸಿದರೆ ಎರಡೂ ಬಾಗುತ್ತವೆ. ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ. ಹೀಗೆ ಎರಡೂ ಬೇರೆಬೇರೆ ಜಾಗಕ್ಕೆ ಹೋಗಿ ಬೀಳುತ್ತವೆ. ಯಂತ್ರದ ಚಿತ್ರ ಹಿಂದಿನ ಹಾಳೆಯಲ್ಲಿ ಬಿಡಿಸಿದ್ದೇನೆ.

ಈಗ ಆರನೇ ತಾರೀಖಿನ ವಿಷಯ. ಅವತ್ತು ನಾವು ಆಟೋದಲ್ಲಿ ಬರುತ್ತಿದ್ದೆವು. ಶಾಲೆಯ ಹತ್ತಿರ ಬಂದಾಗ ಮನಸ್ಸು ತಡೆಯಲಿಲ್ಲ, ಎರಡು ನಿಮಿಷ ನಿಲ್ಲಿಸಿ ಅಂದೆ. ಪುಟ್ಟನನ್ನು ಇವರ ಕೈಗೆ ಕೊಟ್ಟು, ಮಲಗಿದ್ದ ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ನಿಮ್ಮ ಕಿಟಕಿಯ ಹತ್ತಿರ ಬಂದು ನಿಂತೆ. ನೀನು ಬೋರ್ಡಿನ ಕಡೆ ತಿರುಗಿದ್ದೆ. ಹುಡುಗರು ನನ್ನನ್ನು ನೋಡಿಬಿಟ್ಟರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಆ ನಿಶ್ಶಬ್ದ ಅದು, ತಾಯಿ. ನಿನ್ನ ರೆಕ್ಕೆ ಕಿತ್ತ ಹಾಗಾಯಿತು ಅಂದುಕೊಳ್ಳಬೇಡ, ಮುಂದೆ ಓದು.

ನಿನ್ನ ದನಿ ವರಾಂಡದವರೆಗೂ ಕೇಳುತ್ತಿತ್ತು. "ತೂಕ ಅನ್ನಿ, ಎಡೈ ಅನ್ನಿ, ಬರುವು ಅನ್ನಿ, ಎಲ್ಲಾ ಒಂದೇ" ಅಂತ ನೀನು ಹೇಳಿದಾಗ ಪುಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ಕಿಟಕಿಗೆ ಇನ್ನಷ್ಟು ಒತ್ತಿ ನಿಂತೆ. ಇನ್ನು ಹೊರಡೋಣ ಅನ್ನುವಷ್ಟರಲ್ಲಿ ಅಂಬರೀಶ ಎದ್ದು ನಿಂತ. ಅವನಿಗೆ ನಾನು ಚೆನ್ನಾಗಿ ಕಾಣುತ್ತಿದ್ದೆ. ಒಮ್ಮೆ ನನ್ನ ಕಡೆ ನೋಡಿದ, ಒಮ್ಮೆ ನಿನ್ನ ಕಡೆ ನೋಡಿದ. ಆಮೇಲೆ ಪ್ರಶ್ನೆಯನ್ನು ನಿನಗೇ ಕೇಳಿದ.

ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನೀನು ಸೀಮೆಸುಣ್ಣ ಕೆಳಗಿಟ್ಟು, "ನನಗೆ ಗೊತ್ತಿಲ್ಲ ಅಂಬರೀಶ. ತಿಳ್ಕೊಂಡು ಬಂದು ಹೇಳ್ತೀನಿ," ಅಂದೆ. ಯಾರೂ ನಗಲಿಲ್ಲ. ಅವನು "ಆಯ್ತು" ಅಂತ ಕೂತು ಪುಸ್ತಕ ತೆರೆದ. ಆ ಒಂದು ಮಾತನ್ನು ಮಕ್ಕಳೆದುರು ಧೈರ್ಯವಾಗಿ ಹೇಳಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಸದ್ದು ಮಾಡದೆ ಮೆಟ್ಟಿಲಿಳಿದು ಬಂದೆ. ಆಟೋದಲ್ಲಿ ಇವರು ಅಳುವ ಪುಟ್ಟನನ್ನು ಕುಣಿಸುತ್ತಾ ಬೆವತು ಹೋಗಿದ್ದರು.

"ಇಷ್ಟು ದೂರ ಬಂದು ಒಳಗೇ ಹೋಗಲಿಲ್ವಾ?" ಅಂದರು.

"ಹೇಗೆ ಹೋಗಲಿ," ಅಂದೆ, "ಒಳಗೆ ಟೀಚರ್ ಇದ್ದಾರೆ."

ಸುಮಲತ